ಜಮೀನು ಮಾರದೆ ಮಗಳನ್ನು ಇಂಜಿನಿಯರಿಂಗ್ ಓದಿಸಬಹುದಾ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ಎರಡು ಎಕರೆ ಗದ್ದೆ, ಕಬ್ಬು ಹಾಕಿದ್ದೇವೆ. ಮಗಳಿಗೆ ಸಿಇಟಿ ಮೂಲಕ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಗುವ ಹಾಗಿದೆ. ಫೀಸು, ಹಾಸ್ಟೆಲ್ಲು ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಆಗಬಹುದು ಅನ್ನುತ್ತಾರೆ. ಅರ್ಧ ಎಕರೆ ಮಾರಿಬಿಡು ಅಂತ ನಮ್ಮಣ್ಣ ಹೇಳುತ್ತಿದ್ದಾರೆ. ಸ್ಕಾಲರ್‌ಶಿಪ್ಪು, ಬ್ಯಾಂಕ್ ಸಾಲ ನಂಬಿಕೊಂಡು ಸೇರಿಸಬಹುದಾ?

ಉತ್ತರ: ಮಾರಬೇಡಿ. ಸೇರಿಸಿ.

ಪ್ರತಿ ವರ್ಷ ಸಿಇಟಿ ರ್‍ಯಾಂಕ್ ಬಂದ ಮೇಲೆ ಮಂಡ್ಯ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಫೀಸು ಕಟ್ಟುವ ದಿನ ಮೊದಲು ಬರುತ್ತದೆ, ಸ್ಕಾಲರ್‌ಶಿಪ್ ಹಣ ಆಮೇಲೆ ಬರುತ್ತದೆ. ಕೆಲವು ಸಲ ವರ್ಷ ಮುಗಿಯುವ ಹೊತ್ತಿಗೆ ಬರುತ್ತದೆ. ಕಾರ್ಖಾನೆಗೆ ಕಬ್ಬು ಹಾಕಿ ಬಿಲ್ಲಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ನಡುವಿನ ಆರೇಳು ತಿಂಗಳಿಗೇ ಜನ ಕೈಸಾಲ ಮಾಡುವುದು, ಗದ್ದೆ ಮಾರುವುದು. ಆದ್ದರಿಂದ ಯಾವ ದಾರಿಯನ್ನು ಮೊದಲು ಹಿಡಿಯಬೇಕು ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಫೀಸನ್ನೇ ಕಡಿಮೆ ಮಾಡಿಕೊಳ್ಳಲು ನೋಡಿ. ಇಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಅಂತ ಸೀಟುಗಳಿವೆ. ಮಂಜೂರಾದ ಸೀಟುಗಳ ಮೇಲೆ ಶೇಕಡಾ 5ರಷ್ಟು ಹೆಚ್ಚುವರಿ ಸೀಟು. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು. ಈ ಸೀಟಿಗೆ ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಪೈಪೋಟಿ ಜಾಸ್ತಿ, ನಿಜ. ಆದರೂ ಆಪ್ಷನ್ ಹಾಕುವಾಗ ಇದನ್ನು ಬಿಡಬೇಡಿ. ಮಗಳ ಪಕ್ಕ ಕೂತು ನೀವೂ ನೋಡಿ. ‘ಇನ್ನೂ ಒಳ್ಳೆ ಕಾಲೇಜು’ ಅಂತ ಯಾರಾದರೂ ಮ್ಯಾನೇಜ್‌ಮೆಂಟ್ ಕೋಟಾ ತೋರಿಸಿದರೆ ಕಡೆಗಣಿಸಿ. ಅಲ್ಲಿ ಫೀಸೂ ಜಾಸ್ತಿ. ಜೊತೆಗೆ ಮುಂದೆ ಹೇಳುವ ಪಿಎಂ ವಿದ್ಯಾಲಕ್ಷ್ಮಿಯಂಥ ಅನುಕೂಲವೂ ಕೈತಪ್ಪುತ್ತದೆ.

ಎರಡನೆಯದು ಊಟ, ವಸತಿ. ಹಿಂದೆ ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಆ ಕಾಲ ಹೋಗಿದೆ. ಈಗ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಸಮುದಾಯದ ಸಂಘಗಳು ನಡೆಸುವ ವಿದ್ಯಾರ್ಥಿನಿಲಯ ಎಲ್ಲಾ ಮೈಸೂರಿನಲ್ಲಿವೆ. ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ ಸಿಗದೇ ಹೋದರೆ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಊಟ, ವಸತಿಗೆ ಅಂತ ತಿಂಗಳಿಗೆ ಇಷ್ಟು ಅಂತ 10 ತಿಂಗಳು ಹಣ ಕೊಡುತ್ತಾರೆ. ಪೇಯಿಂಗ್ ಗೆಸ್ಟ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇವುಗಳ ಬಾಗಿಲು ತಟ್ಟಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ, ದಿನಾ ಓಡಾಡಲಿ ಅನ್ನುವವರೂ ಇದ್ದಾರೆ. ಮಂಡ್ಯ, ಶ್ರೀರಂಗಪಟ್ಟಣದಿಂದಾದರೆ ಸರಿ. ಮದ್ದೂರಿನ ಒಳಗಿನ ಹಳ್ಳಿಯಿಂದ ಬೇಡ ಅನ್ನುತ್ತೇನೆ. ಮೊದಲ ವರ್ಷದ ಗಣಿತ ಓದಬೇಕಾದ ಹೊತ್ತೆಲ್ಲಾ ಬಸ್ಸಿನಲ್ಲೇ ಹೋಗುತ್ತದೆ.

ಇನ್ನು ಸ್ಕಾಲರ್‌ಶಿಪ್. ನೀವು ಯಾವ ಪ್ರವರ್ಗ ಅಂತ ಬರೆದಿಲ್ಲ. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಯಾರೇ ಆದರೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಆದಾಯ ಮಿತಿ ಒಂದೊಂದು ವರ್ಗಕ್ಕೆ ಒಂದೊಂದು ಥರ ಇದೆ. ಹೆಣ್ಣುಮಗಳಾದ್ದರಿಂದ ಇನ್ನೊಂದನ್ನು ಮರೆಯಲೇಬೇಡಿ, ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್. ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ 8 ಲಕ್ಷದೊಳಗೆ ಇರಬೇಕು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಇದಕ್ಕೆ ಕೇಂದ್ರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎನ್‌ಎಸ್‌ಪಿಯಲ್ಲಿ ಅರ್ಜಿ. ಅಂಕದ ಮೇಲೆ ಆಯ್ಕೆ. ಮಗಳು ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನವರ 30,000 ರೂಪಾಯಿಯ ವಾರ್ಷಿಕ ಸ್ಕಾಲರ್‌ಶಿಪ್‌ಗೂ ಹಾಕಿ. ಸರ್ಕಾರದ ಎರಡು ಸ್ಕಾಲರ್‌ಶಿಪ್ ಒಟ್ಟಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಅರ್ಜಿ ಹಾಕುವಾಗ ಯಾವುದು ಜಾಸ್ತಿ ಅಂತ ಲೆಕ್ಕ ಹಾಕಿಕೊಳ್ಳಿ.

ಹಣ ಕೈಸೇರದೆ ಹೋಗುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ನನ್ನ ತಮ್ಮನಿಗೆ ಒಂದು ವರ್ಷ ಸ್ಕಾಲರ್‌ಶಿಪ್ ಮಂಜೂರಾಗಿತ್ತು. ಪೋರ್ಟಲ್‌ನಲ್ಲಿ ಹಣ ಹಾಕಿದ್ದೇವೆ ಅಂತ ತೋರಿಸುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದು ರೂಪಾಯಿ ಇಲ್ಲ. ಮೂರು ತಿಂಗಳು ಕಚೇರಿಗೆ ಅಲೆದೆವು. ಆಮೇಲೆ ಗೊತ್ತಾಯಿತು, ಅವನ ಆಧಾರ್ ಜೋಡಣೆಯಾಗಿದ್ದು ಹೈಸ್ಕೂಲಿನಲ್ಲಿದ್ದಾಗ ತೆರೆದ ಹಳೇ ಖಾತೆಗೆ. ಹಣ ಅಲ್ಲಿಗೆ ಹೋಗಿ ಕೂತಿತ್ತು. ಈ ಹಣ ನೀವು ಬರೆದುಕೊಟ್ಟ ಖಾತೆಗೆ ಬರುವುದಿಲ್ಲ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೇ ಬರುತ್ತದೆ. ಅಷ್ಟು ಸಣ್ಣ ವಿಷಯ ಯಾರೂ ನಮಗೆ ಹೇಳಿರಲಿಲ್ಲ. ಅವತ್ತು ನಮ್ಮಮ್ಮ ಓಲೆ ಅಡ ಇಟ್ಟಿದ್ದು ಈಗಲೂ ನೆನಪಿದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ನಾಳೆಯೇ ಮಗಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಇದನ್ನು ಖಚಿತ ಮಾಡಿಕೊಳ್ಳಿ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಮೇಲಿರುವ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಆದಾಯದ್ದು 5 ವರ್ಷಕ್ಕೆ ಮುಗಿಯುತ್ತದೆ, ಹಳೆಯದಿದ್ದರೆ ದಿನಾಂಕ ನೋಡಿ. ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಥರ ಇದೆಯಾ? ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಅರ್ಜಿ ನಿಂತುಹೋಗಬಹುದು.

ಇಷ್ಟೆಲ್ಲಾ ಮಾಡಿಯೂ ಉಳಿಯುವ ಮೊತ್ತಕ್ಕೆ ಸಾಲ. ಬ್ಯಾಂಕಿಗೆ ಮುಂಚೆ ನಿಗಮ ನೋಡಿ. ಹಿಂದುಳಿದ ವರ್ಗದವರಿಗೆ ಡಿ. ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರಿಗೆ ಅವರ ನಿಗಮದಲ್ಲಿ ಅರಿವು ಅನ್ನುವ ಶೈಕ್ಷಣಿಕ ಸಾಲ ಇದೆ. ಬಡ್ಡಿ ವರ್ಷಕ್ಕೆ ಶೇಕಡಾ 2 ಮಾತ್ರ. ಎಲ್ಲರಿಗೂ ಸಿಗುವುದಿಲ್ಲ, ಆದರೆ ಕೇಳದೆ ಬಿಡುವುದು ತಪ್ಪು.

ಬ್ಯಾಂಕ್ ಸಾಲದಲ್ಲಿ ಓದುವ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆಮೇಲೆ 15 ವರ್ಷದವರೆಗೆ ಸಮಯ ಇರುತ್ತದೆ. ಹಾಗಂತ ಬಡ್ಡಿ ಸುಮ್ನೆ ಕೂತಿರುವುದಿಲ್ಲ, ಅಲ್ವಾ? ಲೆಕ್ಕ ನೋಡಿ. ವರ್ಷಕ್ಕೆ 1 ಲಕ್ಷದ ಹಾಗೆ ನಾಲ್ಕು ವರ್ಷ, ಶೇಕಡಾ 10ರ ಬಡ್ಡಿ ಅಂತ ಇಟ್ಟುಕೊಳ್ಳಿ. ಕಂತು ಶುರುವಾಗುವ ಹೊತ್ತಿಗೆ 4 ಲಕ್ಷದ ಮೇಲೆ 1,40,000 ಬಡ್ಡಿ ಸೇರಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,140 ರೂಪಾಯಿ. ಕಂತು ಶುರುವಾಗುವವರೆಗೆ ಬಡ್ಡಿ ಮಾತ್ರ ಕಟ್ಟುತ್ತಾ ಬಂದರೆ ಅದೇ ಕಂತು ಸುಮಾರು 5,290. ಮೊದಲ ವರ್ಷ ತಿಂಗಳ ಬಡ್ಡಿ 833 ರೂಪಾಯಿ. ಒಂದು ಹಸುವಿನ ಡೇರಿ ಹಾಲಿನ ದುಡ್ಡಿನಲ್ಲಿ ಅದು ಹೋಗುತ್ತದೆ. ಕೊನೆಯ ವರ್ಷ 3,333 ಆಗುತ್ತದೆ, ಅದು ಭಾರವೇ.

ಈಗ ಕೈಸಾಲದ ಲೆಕ್ಕ. ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಅದೇ 4 ಲಕ್ಷ ತಂದರೆ ತಿಂಗಳಿಗೆ 12,000 ಬಡ್ಡಿ. ಅಸಲು ಹಾಗೇ ಇರುತ್ತದೆ. ಬ್ಯಾಂಕ್ ಸಾಲಕ್ಕೆ ಹೆದರುವವರು ಇದಕ್ಕೆ ಹೆದರದೆ ಸಹಿ ಹಾಕುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬಡ್ಡಿಯ ಹೊರೆ ಇಳಿಸಲು ಕೇಂದ್ರದ ಎರಡು ಅನುಕೂಲಗಳಿವೆ. ಆದಾಯ 4.5 ಲಕ್ಷದೊಳಗಿದ್ದು, ತಾಂತ್ರಿಕ ಅಥವಾ ವೃತ್ತಿಪರ ಕೋರ್ಸನ್ನು ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದುತ್ತಿದ್ದರೆ, ಓದುವ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಎರಡನೆಯದು 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ. ಪಟ್ಟಿಯಲ್ಲಿರುವ ಉನ್ನತ ಸಂಸ್ಥೆಗಳಲ್ಲಿ ಓದುವವರಿಗೆ, ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರಷ್ಟು ಬಡ್ಡಿ ರಿಯಾಯಿತಿ. ಆದರೆ ಸರ್ಕಾರದ ಬೇರೆ ಸ್ಕಾಲರ್‌ಶಿಪ್ ತೆಗೆದುಕೊಳ್ಳುತ್ತಿದ್ದರೆ ಈ ರಿಯಾಯಿತಿ ಇಲ್ಲ. ಮಗಳ ಕಾಲೇಜು ಯಾವುದಕ್ಕೆ ಸೇರುತ್ತದೆ ಅಂತ ಬ್ಯಾಂಕಿನಲ್ಲೇ ಕೇಳಿ. ಸಾಲ ಮಂಜೂರಾದ ಮೇಲೆ ಬಡ್ಡಿ ಸಬ್ಸಿಡಿಗೆ ಅರ್ಜಿ ಹೋಗಿದೆಯಾ ಅಂತಲೂ ಕೇಳಿ. ಅದು ತಾನಾಗಿ ಆಗುತ್ತದೆ ಅಂತ ಕೂರಬೇಡಿ.

ಸಾಲದಲ್ಲಿ ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಬೇಕು. ನಿಮ್ಮ ಬೆಳೆ ಸಾಲ ಸುಸ್ತಿಯಾಗಿದ್ದರೆ ಅಲ್ಲೇ ತಡೆ ಬರುತ್ತದೆ. ಅದನ್ನು ಈಗಲೇ ಸರಿಮಾಡಿಕೊಳ್ಳಿ. ಬ್ಯಾಂಕಿನವರು ಪಹಣಿ ಕೇಳಿದರೆ ಆದಾಯದ ದಾಖಲೆಗೆ ಜೆರಾಕ್ಸ್ ಕೊಡಿ. ಅಡಮಾನ ಅಂದರೆ ಮಾತ್ರ ನಿಲ್ಲಿಸಿ. 4 ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಏಳೂವರೆ ಲಕ್ಷದವರೆಗೆ ಅಡಮಾನವಿಲ್ಲದೆ ಕೊಡಲು ಸರ್ಕಾರದ ಗ್ಯಾರಂಟಿ ನಿಧಿಯೂ ಇದೆ. ಆದರೂ ಆಗಲ್ಲ ಅಂದರೆ, ಯಾಕೆ ಆಗಲ್ಲ ಅಂತ ಬರೆದುಕೊಡಿ ಎಂದು ಕೇಳಿ. ಆ ಕಾಗದ ಹಿಡಿದುಕೊಂಡು ಜಿಲ್ಲೆಯ ಬ್ಯಾಂಕುಗಳ ಸಾಲದ ಕೆಲಸ ನೋಡಿಕೊಳ್ಳುವ ಮಂಡ್ಯದ ಲೀಡ್ ಬ್ಯಾಂಕ್ ಕಚೇರಿಗೆ ಹೋಗಿ.