ಹೆಸರು ಹೇಳದೆ ದುಡ್ಡು ವಾಪಸ್ ಕೊಡಿಸಿ ಅಂದರೆ

‘ಯಾರು ಅಂತ ಗೊತ್ತು ಸಾರ್. ಅವನ ಹೆಸರು ಮಾತ್ರ ಬೇಡ. ದುಡ್ಡು ವಾಪಸ್ ಬರೋ ಹಾಗೆ ಮಾಡಿ.’

ಕಾರ್ಡ್ ತಕರಾರುಗಳನ್ನು ನೋಡುವ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಕೇಳದೆ ಕಾರ್ಡ್ ಬಳಸಿದವರು ತಮ್ಮ, ಮಗಳು, ರೂಮ್‌ಮೇಟ್, ಹಳೇ ಗೆಳೆಯ. ಸಂಬಂಧ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಕಾರ್ಡ್ ಬ್ಲಾಕ್ ಮಾಡಿ, ಪಿನ್ ಬದಲಿಸಿ ಎಂದು ನಾನು ಹೇಳಬೇಕಿಲ್ಲ. ಅದು ನಿಮಗೆ ಗೊತ್ತೇ ಇದೆ.

ಗೊತ್ತಾಗದೆ ಇರುವುದು ಇಷ್ಟೇ. ತಕರಾರು ಅರ್ಜಿಯಲ್ಲಿ ನೀವು ಒಂದು ಹೇಳಿಕೆಗೆ ಸಹಿ ಹಾಕುತ್ತೀರಿ. ‘ಈ ಖರೀದಿ ನಾನು ಮಾಡಿಲ್ಲ, ನನ್ನ ಒಪ್ಪಿಗೆಯಿಂದ ಬೇರೆ ಯಾರೂ ಮಾಡಿಲ್ಲ.’ ಪದಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಬಹುದು, ಅರ್ಥ ಇದೇ. ಮಾಡಿದವರು ಯಾರು ಅಂತ ಗೊತ್ತಾ ಎಂಬ ಪ್ರಶ್ನೆಯೂ ಸಾಮಾನ್ಯವಾಗಿ ಬರುತ್ತದೆ. ಅಲ್ಲಿ ‘ಗೊತ್ತಿಲ್ಲ’ ಎಂದು ಬರೆದ ಕ್ಷಣದಿಂದ ಸುಳ್ಳು ಹೇಳಿದವರು ನೀವು. ತಮ್ಮನನ್ನು ಉಳಿಸಲು ಹೋಗಿ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ.

‘ಅವರಿಗೆ ಹೇಗೆ ಗೊತ್ತಾಗುತ್ತೆ?’ ಅಂತೀರಿ. ಗೊತ್ತಾಗುತ್ತದೆ. ತಕರಾರು ಬಂದ ಮೇಲೆ ಅಂಗಡಿಯವರೂ ತಮ್ಮ ದಾಖಲೆ ಕಳಿಸಬಹುದು. ಸಾಮಾನು ಹೋದ ವಿಳಾಸ, ಬಳಸಿದ ಫೋನು, ಇಂಟರ್‌ನೆಟ್ ಸಂಪರ್ಕ, ಎಲ್ಲ ಅದರಲ್ಲಿ ಇರುತ್ತದೆ. ಕಾರ್ಡ್ ಕಂಪನಿ ವೀಸಾ 2023ರಲ್ಲಿ ಇಂಥ ತಕರಾರುಗಳ ನಿಯಮವನ್ನು ಇನ್ನೂ ಬಿಗಿ ಮಾಡಿತು. ಅದೇ ಅಂಗಡಿಯಲ್ಲಿ ನೀವು ತಕರಾರು ಮಾಡದ ಎರಡು ಹಳೇ ಖರೀದಿಗಳ ಜೊತೆ ಈ ವಿವರಗಳು ತಾಳೆಯಾದರೆ, ಅಂಗಡಿಯವರು ಗೆಲ್ಲಬಹುದು. ಒಂದೇ ಮನೆಯಲ್ಲಿ ಇರುವವರಿಗೆ ವೈಫೈ ಒಂದೇ, ವಿಳಾಸ ಒಂದೇ, ಎಷ್ಟೋ ಸಲ ಟ್ಯಾಬ್ಲೆಟ್ಟೂ ಒಂದೇ. ತಾಳೆಯಾಗದೆ ಇನ್ನೇನು? ಒಬ್ಬರು ದುಬಾರಿ ಹೆಡ್‌ಫೋನ್ ಬಗ್ಗೆ ಕೂಗಾಡಿದರು. ಡೆಲಿವರಿ ರಸೀದಿಯಲ್ಲಿ ಸಹಿ ಇತ್ತು. ಅವರ ತಾಯಿಯದೇ! ಒಳ್ಳೆಯ ಮನುಷ್ಯ, ಪಾಪ. ತನ್ನ ಮಗನೇ ತರಿಸಿದ್ದು ಅಂತ ಆ ದೂರುದಾರರಿಗೆ ಮೊದಲೇ ಗೊತ್ತಿತ್ತಂತೆ.

ಇನ್ನೊಂದು ಗೋಜಲು. ‘ಪೆಟ್ರೋಲಿಗೆ ಅಂತ ಕೊಟ್ಟೆ, ಅವನು ಫೋನ್ ತಗೊಂಡ.’ ಇದು ಮೋಸವೇ, ಒಪ್ಪುತ್ತೇನೆ. ಆದರೆ ನಿಮಗೆ ಮಾಡಿದ ಮೋಸ. ಬ್ಯಾಂಕಿನ ಕಣ್ಣಿಗೆ ಕಾರ್ಡ್ ಕೊಟ್ಟವರು ನೀವು. ಅನುಮತಿ ಇಲ್ಲದೆ ಕ್ರೆಡಿಟ್ ಕಾರ್ಡ್ ಬಳಸಿದ್ದರೆ ಅಮೆರಿಕದ ಕಾನೂನು ಗ್ರಾಹಕನ ಹೊಣೆಯನ್ನು 50 ಡಾಲರ್‌ಗೆ ಮಿತಿಗೊಳಿಸುತ್ತದೆ, ಆದರೆ ಬಳಸಿದವನಿಗೆ ಅನುಮತಿ ಇದೆ ಎಂದು ಮೇಲ್ನೋಟಕ್ಕೆ ಕಂಡರೂ ಆ ರಕ್ಷಣೆ ತಪ್ಪಿಹೋಗಬಹುದು. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆ, ನೀವೇ ಒಪ್ಪಿ ಕಾರ್ಡ್ ಕೈಗೆ ಕೊಟ್ಟಿದ್ದರೆ ನಷ್ಟವನ್ನು ಪೂರ್ತಿ ನಿಮ್ಮ ಮೇಲೆ ಹಾಕಲು ಬಿಡುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮವೂ ಹಾಗೆಯೇ. ಪಿನ್, ಒಟಿಪಿಯಂಥ ಗುಟ್ಟನ್ನು ನೀವೇ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲಿನದು ಬ್ಯಾಂಕಿನದು. ಅದಕ್ಕೇ ಹೇಳುವುದು, ಮನೆಯವರ ಹತ್ತಿರ ಮಾತಾಡುವುದು ಆಮೇಲೆ ಇರಲಿ, ಮೊದಲು ಬ್ಯಾಂಕಿಗೆ ಫೋನ್ ಮಾಡಿ.

ಆಮೇಲೆ ನಿಮ್ಮ ಮುಂದೆ ಇರುವುದು ಎರಡೇ ದಾರಿ. ಗೊತ್ತಿದ್ದದ್ದನ್ನು ಗೊತ್ತಿದ್ದ ಹಾಗೆ ಬರೆದುಕೊಡಿ. ಬ್ಯಾಂಕ್ ಪೊಲೀಸ್ ದೂರು ಕೇಳಬಹುದು, ಕೇಳದೆಯೂ ಇರಬಹುದು, ನಾನು ಖಾತ್ರಿ ಕೊಡಲಾರೆ. ಇಲ್ಲವಾದರೆ ಬಿಲ್ ನೀವೇ ಕಟ್ಟಿ, ಪೂರ್ತಿ ಕಟ್ಟಿ. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ತೆಗೆದುಕೊಂಡವರಿಂದ ಇಷ್ಟು ಬಾಕಿ, ಇಂಥ ದಿನಕ್ಕೆ ಕೊಡುತ್ತೇನೆ ಅಂತ ಒಂದು ಮೆಸೇಜ್ ಆದರೂ ಬರೆಸಿಕೊಳ್ಳಿ. ಮುಜುಗರ ಆಗುತ್ತದೆ ಅಂತ ಬಿಡುವವರೇ ಜಾಸ್ತಿ.

ಹೆದರಿಕೆಯಿಂದ ಬಾಯಿ ಬಿಡದವರ ವಿಷಯ ಬೇರೆ. ಹೊಡೆದು, ಬೆದರಿಸಿ ಕಾರ್ಡ್ ಕಸಿದುಕೊಂಡಿದ್ದರೆ ಅದು ಅನುಮತಿ ಅಲ್ಲ. ಅಂಥವರು ಅರ್ಜಿ ತುಂಬುವ ಮೊದಲು ವಕೀಲರನ್ನೋ ಸಹಾಯವಾಣಿಯವರನ್ನೋ ಕಂಡು ಬನ್ನಿ.

ಕೊನೆಗೆ, ಹೊಸ ಕಾರ್ಡ್ ಬಂತು ಅಂತ ನಿರಾಳವಾಗಬೇಡಿ. ಕೆಲವು ಕಡೆ ಕಾರ್ಡ್ ನೆಟ್‌ವರ್ಕ್ ಹೊಸ ನಂಬರನ್ನು ಹಳೇ ಚಂದಾ ಸೇವೆಗಳಿಗೆ ತಾನಾಗಿಯೇ ದಾಟಿಸಿಬಿಡುತ್ತದೆ. ಅವನ ಫೋನಿನಲ್ಲಿ, ಆಟದ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡನ್ನು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಳಿಸಿ.