ಬುದ್ಧ, ಯೇಸು: ಹೋಲಿಕೆ ಎಷ್ಟು, ಎರವಲು ಎಷ್ಟು?

ಮತ್ತಾಯನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಶಿಷ್ಯ ಪೇತ್ರ ದೋಣಿಯಿಂದ ಇಳಿದು ಯೇಸುವಿನ ಕಡೆಗೆ ನೀರಿನ ಮೇಲೆ ನಡೆಯುತ್ತಾನೆ. ಗಾಳಿಯ ಅಬ್ಬರ ನೋಡಿ ಹೆದರಿದ್ದೇ ತಡ, ಮುಳುಗತೊಡಗುತ್ತಾನೆ. ಬುದ್ಧನ ಹಿಂದಿನ ಜನ್ಮಗಳ ಕತೆಗಳಾದ ಪಾಲಿ ಜಾತಕಗಳ ಸಂಗ್ರಹದ 190ನೆಯದು ಸೀಲಾನಿಸಂಸ ಜಾತಕ. ಅದರ ಪೀಠಿಕೆಯಲ್ಲಿ ಒಬ್ಬ ಉಪಾಸಕ ಬುದ್ಧನನ್ನು ಕಾಣಲು ಜೇತವನಕ್ಕೆ ಹೊರಟಿದ್ದಾನೆ. ಸಂಜೆ ಹೊತ್ತಿಗೆ ಅಚಿರವತಿ ಹೊಳೆಯ ದಡಕ್ಕೆ ಬಂದರೆ ದಾಟಿಸುವವರಿಲ್ಲ. ಅಂಬಿಗ ದೋಣಿಯನ್ನು ದಡಕ್ಕೆಳೆದಿಟ್ಟು ಧರ್ಮೋಪದೇಶ ಕೇಳಲು ಹೋಗಿದ್ದಾನೆ. ಉಪಾಸಕ ಬುದ್ಧನನ್ನೇ ನೆನೆಯುತ್ತ ಮೈಮರೆತು ನೀರಿಗೆ ಕಾಲಿಟ್ಟರೆ ಪಾದ ಮುಳುಗಲಿಲ್ಲ. ನಡುಹೊಳೆಗೆ ಬಂದಾಗ ಅಲೆಗಳು ಕಣ್ಣಿಗೆ ಬಿದ್ದವು, ಧ್ಯಾನದ ಆನಂದ ಸಡಿಲವಾಯಿತು, ಪಾದ ಇಳಿಯತೊಡಗಿತು. ಮತ್ತೆ ಮನಸ್ಸು ಬಿಗಿಮಾಡಿಕೊಂಡು ಆಚೆ ದಡ ಸೇರಿದ.

ಎರಡನ್ನೂ ಒಟ್ಟಿಗೆ ಓದಿದವರಿಗೆ ಒಂದರಿಂದ ಇನ್ನೊಂದು ಬಂದಿರಬೇಕು ಅನ್ನಿಸುವುದು ಸಹಜ. ಬುದ್ಧ ಯೇಸುವಿಗಿಂತ ನಾಲ್ಕೈದು ಶತಮಾನ ಹಿಂದಿನವನಾದ್ದರಿಂದ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬ ತೀರ್ಪೂ ತಕ್ಷಣ ಬಂದುಬಿಡುತ್ತದೆ. ಎಡವುವುದು ಇಲ್ಲಿಯೇ. ಬುದ್ಧನ ಕಾಲ ಬೇರೆ, ಬುದ್ಧನ ಬಗೆಗಿನ ಕತೆ ಬರಹಕ್ಕೆ ಇಳಿದ ಕಾಲ ಬೇರೆ. ಜಾತಕಗಳಲ್ಲಿ ಹಳೆಯವು ಗಾಥೆಗಳು, ಅಂದರೆ ಪದ್ಯಭಾಗ. ಕತೆಯನ್ನು ಹೇಳುವ ಗದ್ಯ ಅಟ್ಠಕಥೆಗೆ, ಅಂದರೆ ವ್ಯಾಖ್ಯಾನಕ್ಕೆ ಸೇರಿದ್ದು. ಈಗಿರುವ ರೂಪಕ್ಕೆ ಅದು ಬಂದದ್ದು ಕ್ರಿ.ಶ. 5ನೇ ಶತಮಾನದ ಸುಮಾರಿಗೆ. ಹೊಳೆ ದಾಟಿದ ಪ್ರಸಂಗ ಇರುವುದು ಗದ್ಯದಲ್ಲಿ. ಮತ್ತಾಯನ ಸುವಾರ್ತೆಯ ಕಾಲ ಸುಮಾರು ಕ್ರಿ.ಶ. 80–90. ಕೈಯಲ್ಲಿರುವ ಪಠ್ಯಗಳ ಲೆಕ್ಕ ಹಿಡಿದರೆ ಮತ್ತಾಯನೇ ಹಿರಿಯ. ಜಾತಕದ ಕತೆ ಬಾಯಿಂದ ಬಾಯಿಗೆ ಅದಕ್ಕಿಂತ ಮೊದಲೇ ಹರಿದಿರಬಹುದು, ನಿಜ. ಆದರೆ ಆ ವಾದವನ್ನು ಯಾವ ಕತೆಗಾದರೂ ಹೂಡಬಹುದು.

ಕ್ರೈಸ್ತರು ಬುದ್ಧನ ಹೆಸರು ಕೇಳಿದ್ದು ತಡವಾಗಿಯೇನಲ್ಲ. ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಕ್ರಿ.ಶ. 200ರ ಸುಮಾರಿಗೆ, ಭಾರತೀಯರಲ್ಲಿ ಕೆಲವರು 'ಬೌಟ್ಟ'ನ ಉಪದೇಶ ಪಾಲಿಸುತ್ತಾರೆ, ಅವನನ್ನು ದೇವರೆಂದು ಗೌರವಿಸುತ್ತಾರೆ ಎಂದು ಬರೆದ. 393ರಲ್ಲಿ ಜೆರೋಮ್, ಬುದ್ಧ ಕನ್ಯೆಯ ಪಕ್ಕೆಯಿಂದ ಹುಟ್ಟಿದನೆಂಬ ಮಾತನ್ನು ದಾಖಲಿಸಿದ. ಇಬ್ಬರಿಗೂ ಗೊತ್ತಿದ್ದದ್ದು ಒಂದೆರಡು ಸಾಲು ಮಾತ್ರ. ಸುವಾರ್ತೆಗಳು ಬೌದ್ಧರಿಂದ ಎರವಲು ಪಡೆದವೆಂಬ ವಾದ ನಿಜವಾಗಿ ಹುಟ್ಟಿದ್ದು 19ನೇ ಶತಮಾನದಲ್ಲಿ, ಪಾಲಿ ಗ್ರಂಥಗಳು ಯೂರೋಪಿನಲ್ಲಿ ಅಚ್ಚಾಗತೊಡಗಿದ ಮೇಲೆ. ಡೆನ್ಮಾರ್ಕಿನ ಫಾಸ್‌ಬೋಲ್ 1855ರಲ್ಲಿ ಧಮ್ಮಪದವನ್ನು, 1877ರಿಂದ ಜಾತಕಗಳನ್ನು ಪ್ರಕಟಿಸಿದ. 1882ರಲ್ಲಿ ಜರ್ಮನಿಯ ರುಡಾಲ್ಫ್ ಸೈಡೆಲ್ ಸುಮಾರು 50 ಹೋಲಿಕೆಗಳನ್ನು ಪಟ್ಟಿಮಾಡಿ, ನಮ್ಮ ಸುವಾರ್ತೆಗಳ ಹಿಂದೆ ಬೌದ್ಧ ಪ್ರಭಾವವಿದ್ದ, ಈಗ ಕಳೆದುಹೋದ ಒಂದು ಕಾವ್ಯಮಯ ಸುವಾರ್ತೆ ಇತ್ತೆಂದು ಊಹಿಸಿದ. ಪಟ್ಟಿ ಬರಬರುತ್ತ ಕರಗಿತು. 1914ರಲ್ಲಿ ಭಾರತಶಾಸ್ತ್ರಜ್ಞ ರಿಚರ್ಡ್ ಗಾರ್ಬೆ ಒಪ್ಪಿದ್ದು ನಾಲ್ಕನ್ನು ಮಾತ್ರ: ಶಿಶು ಯೇಸುವನ್ನು ಕಂಡ ಸಿಮೆಯೋನ, ಶೋಧನೆ (ಸೈತಾನ ಯೇಸುವಿಗೆ ಒಡ್ಡಿದ ಪರೀಕ್ಷೆ), ನೀರಿನ ಮೇಲಿನ ನಡಿಗೆ, ರೊಟ್ಟಿ ಹೆಚ್ಚಿದ ಪವಾಡ.

ಈ ಗಂಭೀರ ಕೆಲಸದ ನಡುವೆ 1894ರಲ್ಲಿ ರಷ್ಯದ ಪತ್ರಕರ್ತ ನಿಕೊಲಾಸ್ ನೊಟೊವಿಚ್ ಪ್ಯಾರಿಸ್ಸಿನಲ್ಲಿ ಬಾಂಬು ಸಿಡಿಸಿದ. ಲಡಾಖಿನ ಹೆಮಿಸ್ ಮಠದಲ್ಲಿ 'ಈಸಾ'ನ ಜೀವನಚರಿತ್ರೆಯ ಹಸ್ತಪ್ರತಿ ಸಿಕ್ಕಿತು, ಯೇಸು ಯೌವನದಲ್ಲಿ ಭಾರತಕ್ಕೆ ಬಂದು ಓದಿದ್ದ ಎಂದು ಅವನ ಹೇಳಿಕೆ. ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅದೇ ವರ್ಷ ಸಂಶಯ ಎತ್ತಿದರು. ಆಗ್ರಾ ಕಾಲೇಜೊಂದರ ಅಧ್ಯಾಪಕ ಆರ್ಚಿಬಾಲ್ಡ್ ಡಗ್ಲಾಸ್ 1895ರಲ್ಲಿ ಹೆಮಿಸ್ಸಿಗೇ ಹೋಗಿ ಕೇಳಿದಾಗ, ಅಂಥ ಗ್ರಂಥವೂ ಇಲ್ಲ, ಅದನ್ನು ಯಾರಿಗೂ ಓದಿಹೇಳಿದ್ದೂ ಇಲ್ಲ ಎಂದು ಮಠಾಧಿಪತಿ ಕಡ್ಡಿ ಮುರಿದಂತೆ ಹೇಳಿದರು. ಇಷ್ಟಾದರೂ ಈ ಕತೆ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಲೇ ಇದೆ.

ಹಾಗಾದರೆ ಎರವಲನ್ನು ಗುರುತಿಸುವುದು ಹೇಗೆ? ಯಾರೂ ಅಲ್ಲಗಳೆಯದ ಒಂದು ಎರವಲನ್ನು ಮೊದಲು ಬಿಚ್ಚಿ ನೋಡುವುದು ಒಳ್ಳೆಯದು. ಅಂಥದೊಂದಿದೆ: ಬುದ್ಧನೇ ಕ್ರೈಸ್ತ ಸಂತನಾದ ಪ್ರಕರಣ.

ಮಧ್ಯಯುಗದ ಯೂರೋಪಿನಲ್ಲಿ ಬಾರ್ಲಾಮ್ ಮತ್ತು ಜೋಸಫತ್ ಎಂಬ ಸಂತರ ಕತೆ ಮನೆಮಾತಾಗಿತ್ತು. ಭಾರತದ ರಾಜನೊಬ್ಬನಿಗೆ ಮಗ ಹುಟ್ಟುತ್ತಾನೆ. ಅವನು ರಾಜ್ಯ ಬಿಟ್ಟು ಹೋಗುವನೆಂದು ಜ್ಯೋತಿಷಿ ನುಡಿಯುತ್ತಾನೆ. ತಂದೆ ಅವನನ್ನು ದುಃಖದ ಸುಳಿವಿಲ್ಲದ ಅರಮನೆಯಲ್ಲಿ ಬೆಳೆಸುತ್ತಾನೆ. ಹೊರಗೆ ಹೋದ ರಾಜಕುಮಾರನಿಗೆ ಕುಷ್ಠರೋಗಿ, ಕುರುಡ, ಆಮೇಲೆ ಮುಪ್ಪಿನಲ್ಲಿ ಬಾಗಿದ ಮುದುಕ ಕಾಣುತ್ತಾರೆ. ವ್ಯಾಪಾರಿಯ ವೇಷದಲ್ಲಿ ಬಂದ ಸನ್ಯಾಸಿ ಬಾರ್ಲಾಮ್ ಅವನಿಗೆ ದೀಕ್ಷೆ ಕೊಡುತ್ತಾನೆ. ರೋಮನ್ ಚರ್ಚಿನ ಹುತಾತ್ಮರ ಪಟ್ಟಿಯಲ್ಲಿ ಇಬ್ಬರಿಗೂ ನವೆಂಬರ್ 27 ಗೊತ್ತಾಗಿತ್ತು. ಜೋಸಫತನದೆಂದು ನಂಬಿದ ಎಲುಬೊಂದನ್ನು 1571ರಲ್ಲಿ ವೆನಿಸ್ಸಿನ ದೊರೆ ಪೋರ್ಚುಗಲ್ ರಾಜನಿಗೆ ಉಡುಗೊರೆಯಾಗಿ ಕೊಟ್ಟದ್ದೂ ಉಂಟು.

ಈ ಕತೆ ನಡೆದ ದಾರಿಯ ಪ್ರತಿ ಮೆಟ್ಟಿಲಿನಲ್ಲೂ ಗುರುತು ಉಳಿದಿದೆ. ಮಧ್ಯ ಏಷ್ಯಾದ ತುರ್ಫಾನಿನಲ್ಲಿ ಸಿಕ್ಕ, ಪರ್ಷಿಯಾದ ಮಾನಿ ಎಂಬವನು ಕಟ್ಟಿದ ಮತದವರ ಹಸ್ತಪ್ರತಿ ತುಣುಕುಗಳಲ್ಲಿ ಇದರ ಭಾಗಗಳಿವೆ. ಅಲ್ಲಿಂದ 8–9ನೇ ಶತಮಾನದ ಅರಬ್ಬಿಗೆ, ಅರಬ್ಬಿಯಿಂದ ಜಾರ್ಜಿಯನ್ ಭಾಷೆಗೆ ಬಂತು. ಜಾರ್ಜಿಯನ್ನಿನಲ್ಲಿ ಮೊದಲ ಸಲ ಪೂರ್ತಿ ಕ್ರೈಸ್ತ ಕತೆಯಾಯಿತು. ಆಥೋಸ್ ಬೆಟ್ಟದ ಮಠದಲ್ಲಿದ್ದ ಜಾರ್ಜಿಯಾದ ಯೂಥಿಮಿಯಸ್ (ಮರಣ 1028) ಅದನ್ನು ಗ್ರೀಕಿಗೆ ತಂದ. 1048ರಲ್ಲಿ ಲ್ಯಾಟಿನ್ ಆಯಿತು. ಹೆಸರು ಕೆಟ್ಟ ರೀತಿಯೇ ದೊಡ್ಡ ಸಾಕ್ಷಿ. ಅರಬ್ಬಿ ಲಿಪಿಯಲ್ಲಿ ಪದದ ಮೊದಲಿಗೆ ಬರುವ 'ಬ'ಕ್ಕೂ 'ಯ'ಕ್ಕೂ ಆಕಾರ ಒಂದೇ. ಕೆಳಗೆ ಒಂದು ಚುಕ್ಕೆಯಿದ್ದರೆ ಬ, ಎರಡಿದ್ದರೆ ಯ. ಬೋಧಿಸತ್ತ್ವನಿಂದ ಬಂದ 'ಬೂದಾಸಫ್' ಒಂದು ಚುಕ್ಕೆ ಹೆಚ್ಚಾಗಿ 'ಯೂದಾಸಫ್' ಆದ. ಜಾರ್ಜಿಯನ್ನಿನಲ್ಲಿ ಇಯೊದಸಫ್, ಗ್ರೀಕಿನಲ್ಲಿ ಇಯೊಆಸಫ್, ಲ್ಯಾಟಿನ್ನಿನಲ್ಲಿ ಜೋಸಫತ್. ಕತೆ ಯಾವ ಲಿಪಿಯನ್ನು ಹಾದು ಬಂತು ಎನ್ನುವುದನ್ನು ಈ ತಪ್ಪೊಂದೇ ಹೇಳಿಬಿಡುತ್ತದೆ. ಪೋರ್ಚುಗೀಸ್ ಇತಿಹಾಸಕಾರ ಡಿಯೊಗೊ ದು ಕೌಟೊ 17ನೇ ಶತಮಾನದ ಆರಂಭದಲ್ಲೇ ಸಾಮ್ಯವನ್ನು ಗಮನಿಸಿದ್ದ. ಎರಡೂ ಒಂದೇ ಎಂದು ಸಿದ್ಧವಾದದ್ದು 1859–60ರಲ್ಲಿ, ಯೂರೋಪಿನ ವಿದ್ವಾಂಸರಾದ ಲಾಬೂಲೇ ಮತ್ತು ಲೀಬ್ರೆಕ್ಟ್ ಅವರಿಂದ.

ಇದರೊಳಗೆ ಸೇರಿಕೊಂಡು ಹೋದ ಉಪಕತೆಯೊಂದು ನಮಗೆ ಚಿರಪರಿಚಿತ. ಮೃಗ ಅಟ್ಟಿಸಿಕೊಂಡು ಬಂದು ಗುಂಡಿಗೆ ಬಿದ್ದವನು ಕೊಂಬೆ ಹಿಡಿದು ನೇತಾಡುತ್ತಾನೆ. ಬಿಳಿ ಇಲಿ, ಕಪ್ಪು ಇಲಿ ಬುಡ ಕಡಿಯುತ್ತಿವೆ, ಕೆಳಗೆ ಸರ್ಪ ಬಾಯ್ದೆರೆದಿದೆ, ಅವನೋ ಮೇಲಿಂದ ತೊಟ್ಟಿಕ್ಕುವ ಜೇನು ನೆಕ್ಕುತ್ತಿದ್ದಾನೆ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ದೃಷ್ಟಾಂತವಿದು. ಜೈನರು ಇದನ್ನು ಮಧುಬಿಂದು ಎನ್ನುತ್ತಾರೆ. ಭಾರತದ ಕತೆಯ ಆನೆ ಬಾರ್ಲಾಮನ ಕತೆಯಲ್ಲಿ ಒಂಟಿಕೊಂಬಿನ ಮೃಗವಾಗಿದೆ, ಅಷ್ಟೆ. ಇಟಲಿಯ ಪಾರ್ಮಾದ ದೀಕ್ಷಾಸ್ನಾನ ಮಂದಿರದ ದಕ್ಷಿಣ ಬಾಗಿಲ ಮೇಲೆ ಈ ಮರ ಹತ್ತಿದವನನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ.

ಇಷ್ಟು ದೂರ ಬಂದದ್ದು ಏನು ಎಂದು ಕೇಳಿಕೊಳ್ಳಬೇಕು. ಕತೆ ಬಂತು, ತತ್ತ್ವ ಬರಲಿಲ್ಲ. ಜ್ಞಾನೋದಯ, ಅನಾತ್ಮ, ಪ್ರತೀತ್ಯಸಮುತ್ಪಾದ, ಯಾವುದೂ ಗ್ರೀಕ್ ಕತೆಯಲ್ಲಿ ಇಲ್ಲ. ಖಾಲಿಯಾದ ಜಾಗದಲ್ಲಿ ಕ್ರೈಸ್ತ ಬೋಧನೆ ತುಂಬಿದರು. ಅದಕ್ಕಾಗಿ ಪಾತ್ರವೊಂದರ ಬಾಯಲ್ಲಿ ಉದ್ದನೆಯ ಭಾಷಣವನ್ನೇ ಇಟ್ಟರು. 1889ರಲ್ಲಿ ಸಿನಾಯ್ ಮಠದಲ್ಲಿ ರೆಂಡೆಲ್ ಹ್ಯಾರಿಸ್ ಅವರಿಗೆ 2ನೇ ಶತಮಾನದ ಅರಿಸ್ಟೈಡಿಸ್ ಎಂಬ ಕ್ರೈಸ್ತ ಲೇಖಕನ ಕಳೆದುಹೋಗಿದ್ದ, ಕ್ರೈಸ್ತಮತವನ್ನು ಸಮರ್ಥಿಸುವ ಗ್ರಂಥದ ಸಿರಿಯಾಕ್ ಅನುವಾದ ಸಿಕ್ಕಿದಾಗ, ಅದರ ಗ್ರೀಕ್ ಪಾಠ ಇಷ್ಟು ದಿನ ಆ ಭಾಷಣದೊಳಗೇ ಕೂತಿತ್ತೆಂದು ಗೊತ್ತಾಯಿತು. ಬುದ್ಧನ ಕತೆ ಹಳೆಯ ಕ್ರೈಸ್ತ ಗ್ರಂಥವೊಂದನ್ನು ಕಾಪಾಡಿಕೊಟ್ಟಿತ್ತು!

ಈಗ ಇದೇ ಅಳತೆಗೋಲನ್ನು ಸುವಾರ್ತೆಗಳಿಗೆ ಹಿಡಿಯೋಣ. ಯಾವ ಪಠ್ಯ ಯಾವಾಗ ಬರಹಕ್ಕೆ ಇಳಿಯಿತು, ನಡುವಿನ ಮೆಟ್ಟಿಲು ಸಿಕ್ಕಿದೆಯೇ, ಕತೆಗೆ ಬೇಕಿಲ್ಲದ ವಿವರವೂ ಎರಡೂ ಕಡೆ ಹೊಂದುತ್ತದೆಯೇ, ಇನ್ನೂ ಹತ್ತಿರದ ಮೂಲ ಇದೆಯೇ? ಸಾಮಾನ್ಯವಾಗಿ ಮರೆತುಹೋಗುವುದು ಕೊನೆಯ ಪ್ರಶ್ನೆ.

ಶೋಧನೆಯ ಪ್ರಸಂಗವನ್ನೇ ನೋಡಿ. ಸಂಯುತ್ತ ನಿಕಾಯದ ರಜ್ಜ ಸುತ್ತದಲ್ಲಿ, ಆಸೆ ತೋರಿಸಿ ದಾರಿ ತಪ್ಪಿಸುವ ಮಾರ ಬುದ್ಧನ ಬಳಿ ಬಂದು, ರಾಜ್ಯವಾಳು, ನೀನು ಮನಸ್ಸು ಮಾಡಿದರೆ ಹಿಮಾಲಯವೇ ಚಿನ್ನವಾದೀತು ಎನ್ನುತ್ತಾನೆ. ಕಲ್ಲನ್ನು ರೊಟ್ಟಿ ಮಾಡು, ಲೋಕದ ರಾಜ್ಯಗಳನ್ನೆಲ್ಲ ಕೊಡುತ್ತೇನೆ ಎಂಬ ಸೈತಾನನ ಮಾತು ನೆನಪಾಗದೆ ಇರದು. ಈ ನಿಕಾಯ ಸೇರಿರುವ ಬೌದ್ಧ ಗ್ರಂಥಸಮುಚ್ಚಯ ಪಾಲಿ ತಿಪಿಟಕ ಶ್ರೀಲಂಕಾದಲ್ಲಿ ಬರಹಕ್ಕೆ ಇಳಿದದ್ದು ಕ್ರಿ.ಪೂ. 1ನೇ ಶತಮಾನದಲ್ಲಿ ಎಂಬುದು ಪರಂಪರೆಯ ಮಾತು. ಆದ್ದರಿಂದ ಇಲ್ಲಿ ಕಾಲದ ತೊಡಕಿಲ್ಲ. ಆದರೆ ಯೇಸು ಕೊಡುವ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳ ವಚನಗಳು, 40 ದಿನದ ಉಪವಾಸ ಮೋಶೆಯದು. ಇಡೀ ಪ್ರಸಂಗ ಇಸ್ರಾಯೇಲರು ಮರುಭೂಮಿಯಲ್ಲಿ ಸೋತದ್ದನ್ನು ಯೇಸು ಗೆದ್ದ ಎಂದು ತೋರಿಸಲು ಕಟ್ಟಿದ್ದು. ಮಾರನ ನೆರವಿಲ್ಲದೆಯೇ ಕತೆ ನಿಲ್ಲುತ್ತದೆ.

ಯೇಸುವಿನ ಕತೆಯ ಸಿಮೆಯೋನ, ಬುದ್ಧನ ಕತೆಯ ಅಸಿತ ಇಬ್ಬರೂ ಮಗುವನ್ನು ಎತ್ತಿಕೊಂಡು ಭವಿಷ್ಯ ನುಡಿಯುವ ವೃದ್ಧರು. ಸಿಮೆಯೋನ ಇನ್ನು ನೆಮ್ಮದಿಯಿಂದ ಸಾಯುತ್ತೇನೆ ಎನ್ನುತ್ತಾನೆ. ಅಸಿತನಾದರೋ, ಧರ್ಮ ಕೇಳುವ ಮೊದಲೇ ಸಾಯುತ್ತೇನಲ್ಲ ಎಂದು ಅಳುತ್ತಾನೆ. ಲೂಕ ಈ ಭಾಗವನ್ನು ಬಾಲ ಸಮುವೇಲನ ಕತೆಯ ಅಚ್ಚಿನಲ್ಲಿ ಎರಕ ಹೊಯ್ದಿದ್ದಾನೆ. ಇನ್ನೊಬ್ಬರ ಕಣ್ಣಿನ ರವೆ, ನಿನ್ನ ಕಣ್ಣಿನ ತೊಲೆ ಎಂಬ ಮಾತಿಗೆ, ಪರರ ದೋಷ ಸುಲಭವಾಗಿ ಕಾಣುತ್ತದೆ, ತನ್ನದು ಕಾಣದು ಎನ್ನುವ ಧಮ್ಮಪದದ 252ನೇ ಗಾಥೆಯನ್ನು ತೋರಿಸುತ್ತಾರೆ. ರವೆ–ತೊಲೆಯ ಹೋಲಿಕೆಯೇ ಯೆಹೂದಿಗಳ ತಾಲ್ಮುದಿನಲ್ಲಿರುವಾಗ ಅಷ್ಟು ದೂರ ಹೋಗಬೇಕಿಲ್ಲ.

ಬೇಕಿಲ್ಲದ ವಿವರ ಹೊಂದುವುದು ವಿಧವೆಯ ಕಾಣಿಕೆಯಲ್ಲಿ. ಮಾರ್ಕನ 12ನೇ ಅಧ್ಯಾಯದ ಬಡ ವಿಧವೆ ಹಾಕುವುದು ಎರಡು ಕಾಸು. ಕಲ್ಪನಾಮಂಡಿತಿಕಾ ಎಂಬ ಬೌದ್ಧ ಕಥಾಸಂಗ್ರಹದಲ್ಲಿ ಬಡ ಹುಡುಗಿ ತಿಪ್ಪೆಯಲ್ಲಿ ಸಿಕ್ಕ ಎರಡು ತಾಮ್ರದ ನಾಣ್ಯಗಳನ್ನು ಸಂಘಕ್ಕೆ ದಾನ ಮಾಡುತ್ತಾಳೆ. ಒಂದಲ್ಲ, ಮೂರಲ್ಲ, ಎರಡೇ. ಇದು ತಳ್ಳಿಹಾಕುವಂಥದ್ದಲ್ಲ. ಆದರೆ ಈ ಸಂಗ್ರಹ ಮಾರ್ಕನಿಗಿಂತ ಈಚಿನದು. ಎರವಲು ಆಗಿದ್ದರೆ ಪಶ್ಚಿಮದಿಂದ ಪೂರ್ವಕ್ಕೇ ಆಗಿರಬೇಕು. ಮಹಾಯಾನ ಬೌದ್ಧರ ಸದ್ಧರ್ಮಪುಂಡರೀಕ ಸೂತ್ರದ 4ನೇ ಅಧ್ಯಾಯದ ಕಳೆದುಹೋದ ಮಗನದು ಇನ್ನೊಂದು ಬಗೆ. ಲೂಕನಲ್ಲಿ ತಂದೆ ಓಡಿಬಂದು ಅಪ್ಪಿಕೊಂಡು ಕೊಬ್ಬಿದ ಕರು ಕೊಯ್ಯಿಸುತ್ತಾನೆ. ಇಲ್ಲಿ ತಂದೆಯನ್ನು ಗುರುತಿಸದೆ ಹೆದರಿ ಓಡುವ ಮಗನನ್ನು ಕೂಲಿಗೆ ಹಿಡಿದು 20 ವರ್ಷ ಹೊಲಸು ಬಾಚಿಸಿ, ಮೆಲ್ಲಮೆಲ್ಲನೆ ಯೋಗ್ಯನನ್ನಾಗಿ ಮಾಡುತ್ತಾನೆ. ಒಂದು ಕ್ಷಮೆಯ ಕತೆ, ಇನ್ನೊಂದು ಉಪಾಯಕೌಶಲದ್ದು, ಅಂದರೆ ಅವರವರ ಯೋಗ್ಯತೆಗೆ ತಕ್ಕ ಉಪಾಯದಿಂದ ಕಲಿಸುವುದರದ್ದು.

ದಾರಿ ಇರಲಿಲ್ಲವೇ? ಧಾರಾಳವಾಗಿತ್ತು. ಅಶೋಕ ತನ್ನ 13ನೇ ಶಿಲಾಶಾಸನದಲ್ಲಿ ಸಿರಿಯಾ, ಈಜಿಪ್ಟಿನ ಅರಸರೂ ಸೇರಿ ಐದು ಗ್ರೀಕ್ ದೊರೆಗಳ ಹೆಸರು ಹೇಳುತ್ತಾನೆ. ಅಫ್ಘಾನಿಸ್ತಾನದ ಕಂದಹಾರದಲ್ಲಿ ಅವನ ಮಾತುಗಳು ಗ್ರೀಕ್ ಮತ್ತು ಅರಮಾಯಿಕ್‌ನಲ್ಲೇ ಇವೆ: ಸುವಾರ್ತೆ ಬರೆದ ಭಾಷೆ, ಯೇಸು ಆಡಿದ ಭಾಷೆ. ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬೆರೆನಿಕೆಯಲ್ಲಿ, ಐಸಿಸ್ ದೇವಿಯ ಗುಡಿಯಂಗಳದಲ್ಲಿ 71 ಸೆಂಟಿಮೀಟರ್ ಎತ್ತರದ ಅಮೃತಶಿಲೆಯ ಬುದ್ಧ ಸಿಕ್ಕಿದ್ದು 2022ರಲ್ಲಿ. ನಮ್ಮ ಕರಾವಳಿಯೂ ಈ ದಾರಿಯಲ್ಲಿತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ 2ನೇ ಶತಮಾನದ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜನೂ ಅವನ ಜನರೂ ಆಡುವ ಮಾತು ಕನ್ನಡವೆಂದು ಶಾಸನತಜ್ಞ ಹುಲ್ಟ್ಸ್ ಮರುವರ್ಷವೇ ವಾದಿಸಿದರು. ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದವರೇ. ತುಳು ಎನ್ನುವವರೂ ಇದ್ದಾರೆ. ದಾರಿಯಲ್ಲಿ ಮೆಣಸು, ಮೂರ್ತಿ, ನಗೆನಾಟಕದ ಮಾತು ಎಲ್ಲ ಹೋಗಿವೆ. ಆದರೆ 1ನೇ ಶತಮಾನಕ್ಕೆ ಸೇರಿದ, ಗ್ರೀಕಿಗೋ ಅರಮಾಯಿಕ್‌ಗೋ ಅನುವಾದವಾದ ಬೌದ್ಧ ಸೂತ್ರದ ಒಂದು ತುಣುಕೂ ಇವತ್ತಿನವರೆಗೆ ಹೊರಬಂದಿಲ್ಲ.

ಎರಡು ಬೋಧನೆಗಳು ನಿಜವಾಗಿ ಎದುರುಬದುರು ಕೂತದ್ದು ಆಮೇಲೆ, ಬೇರೆ ಕಡೆ. ಬುದ್ಧ, ಜರತುಷ್ಟ್ರ, ಯೇಸು ಮೂವರೂ ತನಗಿಂತ ಹಿಂದಿನ ದೂತರೆಂದು 3ನೇ ಶತಮಾನದಲ್ಲಿ ಮಾನಿ ಸಾರಿದ. ಚೀನಾದ ಚಾಂಗ್ ಆನ್ ನಗರದಲ್ಲಿ 781ರ ಪ್ರಸಿದ್ಧ ಕ್ರೈಸ್ತ ಶಾಸನವನ್ನು ರಚಿಸಿದ ಪಾದ್ರಿ ಜಿಂಗ್‌ಜಿಂಗ್, ಭಾರತದಿಂದ ಬಂದ ಬೌದ್ಧ ಭಿಕ್ಷು ಪ್ರಜ್ಞನ ಜೊತೆ ಕೂಡಿ ಷಟ್ಪಾರಮಿತಾ ಸೂತ್ರವನ್ನು 'ಹೂ' (ಮಧ್ಯ ಏಷ್ಯಾದ) ಭಾಷೆಯ ಹಸ್ತಪ್ರತಿಯೊಂದರಿಂದ ಏಳು ಸಂಪುಟಗಳಲ್ಲಿ ಚೀನಿಗೆ ಅನುವಾದಿಸಿದ. ಕೆಲಸ ಕೆಟ್ಟಿತು. ಕಾರಣವನ್ನು ಅಂದಿನ ಬೌದ್ಧ ಗ್ರಂಥಸೂಚಿಯೇ ಬರೆದಿಟ್ಟಿದೆ: ಪ್ರಜ್ಞನಿಗೆ ಹೂ ಭಾಷೆ ಬಾರದು, ಚೀನಿ ಸಾಲದು, ಜಿಂಗ್‌ಜಿಂಗನಿಗೆ ಸಂಸ್ಕೃತ ಬಾರದು, ಬೌದ್ಧ ತತ್ತ್ವವೂ ತಿಳಿಯದು. ಚಕ್ರವರ್ತಿ ಅನುವಾದವನ್ನು ಒಪ್ಪಲಿಲ್ಲ. ಎರಡು ಮಠಗಳ ಆಚಾರವೂ ಬೇರೆ, ಜಿಂಗ್‌ಜಿಂಗ್ ತನ್ನ ಮೆಸ್ಸೀಯನ ಬೋಧನೆ ಹೇಳಲಿ, ಭಿಕ್ಷುಗಳು ತಮ್ಮ ಸೂತ್ರ ನೋಡಿಕೊಳ್ಳಲಿ ಎಂದು ಅಪ್ಪಣೆಯಾಯಿತು. ಪ್ರಜ್ಞ ಬೇರೆ ಪಂಡಿತರನ್ನು ಕೂಡಿಸಿಕೊಂಡು 788ರಲ್ಲಿ ಅದೇ ಸೂತ್ರವನ್ನು ಮತ್ತೆ ಮೊದಲಿನಿಂದ ಅನುವಾದಿಸಿದ.