ಸಾವಿರ ರೂಪಾಯಿಗೆ ಯಾವ ಹಳೇ ಗೇಮ್? ಕ್ಯಾಸೆಟ್ ಕಾಲದಿಂದ ಡೌನ್‌ಲೋಡ್ ಕಾಲದವರೆಗಿನ ಕಥೆ

ಹಾಸನದಲ್ಲಿ ಈಗ ಮೂವತ್ತೈದು ನಲವತ್ತರ ಆಸುಪಾಸಲ್ಲಿರೋ ಯಾರನ್ನಾದ್ರೂ ಚಿಕ್ಕವರಿದ್ದಾಗ ಏನು ಗೇಮ್ ಆಡ್ತಿದ್ರಿ ಅಂತ ಕೇಳಿ, ಕಾಂಟ್ರಾ, ಮಾರಿಯೋ, ಮುಸ್ತಫಾ, ವೈಸ್ ಸಿಟಿ, ಈ ನಾಲ್ಕರಲ್ಲಿ ಒಂದಾದ್ರೂ ಬಂದೇ ಬರುತ್ತೆ. ಆಗ ಕೈಲಿ ದುಡ್ಡಿರ್ಲಿಲ್ಲ, ಈಗ ತಿಂಗಳಿಗೆ ಒಂದಿಷ್ಟು ಎತ್ತಿಡಬಹುದು, ಮನೆಗೆ ಇಂಟರ್ನೆಟ್ ಬಂದಿದೆ, ಮಕ್ಳಿಗೂ ತೋರಿಸ್ಬೇಕು ಅಂತ ಆಸೆ, ಸರಿ ಒಂದು ಸಾವಿರ ರೂಪಾಯಿ ಇಟ್ಕೊಂಡು ನ್ಯಾಯವಾಗಿ ದುಡ್ಡು ಕೊಟ್ಟೇ ಡೌನ್‌ಲೋಡ್ ಮಾಡ್ಕೊಳೋಣ ಅಂತ ಕೂತ್ರೆ ಒಂದು ವಿಚಿತ್ರ ಗೊತ್ತಾಗುತ್ತೆ. ಕಾಂಟ್ರಾ ಆರಾಮಾಗಿ ಸಿಗುತ್ತೆ. ಮಾರಿಯೋ ಸಿಗೋದು ನಮ್ಮ ದೇಶದಲ್ಲಿ ಕಂಪನಿ ನೇರವಾಗಿ ಮಾರದೇ ಇರೋ ಮಷೀನಲ್ಲಿ ಮಾತ್ರ. ವೈಸ್ ಸಿಟಿಯ ಹಳೇ ರೂಪ ಒಮ್ಮೆ ಅಂಗಡಿಯಿಂದ ಮಾಯ ಆಗಿ ವಾಪಸ್ ಬಂದಿದ್ದು. ಮುಸ್ತಫಾ ಯಾವ ಆನ್‌ಲೈನ್ ಅಂಗಡೀಲೂ ಇಲ್ಲ.

ಅಂದ್ರೆ ಬಜೆಟ್ ಕಮ್ಮಿ ಇರೋರಿಗೆ ರೇಟೇ ದೊಡ್ಡ ತೊಂದ್ರೆ ಅಂದ್ಕೊಂಡಿರ್ತೀವಿ, ಆದ್ರೆ ಹಳೇ ಗೇಮ್ ಸೇಲಲ್ಲಿ ನೂರು ಇನ್ನೂರಕ್ಕೂ ಬರ್ತವೆ, ಅದಕ್ಕಿಂತ ಮುಂಚೆ ನೋಡ್ಬೇಕಾಗಿರೋದು ಕೊಟ್ಟ ದುಡ್ಡಿಗೆ ಬಂದಿದ್ದು ಹತ್ತು ವರ್ಷ ಆದ್ಮೇಲೂ ನಮ್ಮ ಹತ್ರ ಇರುತ್ತಾ ಅಂತ. ನಾನು ಹೇಳ್ಬೇಕು ಅಂತಿರೋದು ಇಷ್ಟೇ, ಆದ್ರೆ ಇದು ಯಾಕೆ ಹೀಗಾಯ್ತು ಅಂತ ತಿಳೀಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ನಿಂಟೆಂಡೊ ಕಂಪನಿ ಜಪಾನಲ್ಲಿ ಫ್ಯಾಮಿಕಾಮ್ ಅನ್ನೋ ಮಷೀನ್ ಬಿಟ್ಟಿದ್ದು 1983ರ ಜುಲೈನಲ್ಲಿ, ಸೂಪರ್ ಮಾರಿಯೋ ಬ್ರದರ್ಸ್ ಬಂದಿದ್ದು 1985ರಲ್ಲಿ. ನಮ್ಮ ಮನೆಗಳಿಗೆ ಬಂದಿದ್ದು ಬಹುತೇಕ ಅದರ ನಕಲು. ಎಲೆಕ್ಟ್ರಾನಿಕ್ಸ್ ಅಂಗಡೀಲಿ ಎರಡು ರಿಮೋಟು, ಒಂದು ಗನ್ನು, ಒಂದು ಹಳದಿ ಕ್ಯಾಸೆಟ್ ಸೇರಿಸಿ ಡಬ್ಬಿ ಮಾಡಿ ಇಟ್ಟಿರೋರು, ನಾವೆಲ್ಲ ಅದನ್ನ ವಿಡಿಯೋ ಗೇಮ್ ಅಂತಿದ್ವಿ ಅಷ್ಟೇ, ನಿಂಟೆಂಡೊ ಅನ್ನೋ ಹೆಸರೇ ಎಷ್ಟೋ ಜನಕ್ಕೆ ಗೊತ್ತಿರ್ಲಿಲ್ಲ. ಕ್ಯಾಸೆಟ್ ಮೇಲೆ 9999999 ಇನ್ 1 ಅಂತ ಬರ್ದಿರೋದು, ಒಳಗೆ ನೋಡಿದ್ರೆ ಬೆರಳೆಣಿಕೆ ಗೇಮು, ಅವನ್ನೇ ಬೇರೆ ಬೇರೆ ಲೆವೆಲಿಂದ ಶುರು ಮಾಡಿ ಬೇರೆ ಹೆಸರಿಟ್ಟು ಪಟ್ಟಿ ಉದ್ದ ಮಾಡಿರೋರು. ಆಗ ಆಯ್ಕೆ ಅನ್ನೋದು ಇರ್ಲೇ ಇಲ್ಲ, ಕ್ಯಾಸೆಟಲ್ಲಿ ಏನಿದ್ಯೋ ಅದು. ಬೇಜಾರಾದ್ರೆ ಪಕ್ಕದ ಬೀದಿ ಹುಡುಗನ ಹತ್ರ ಅದ್ಲು ಬದ್ಲು. ಡಕ್ ಹಂಟ್, ಬ್ಯಾಟಲ್ ಸಿಟಿ, ರೋಡ್ ಫೈಟರ್, ಸರ್ಕಸ್ ಚಾರ್ಲಿ ನಮ್ಮ ನೆನಪಲ್ಲಿ ಕೂತಿರೋದಕ್ಕೆ ಕಾರಣ ಆ ನಕಲು ಮಾಡಿದೋರು ಅವನ್ನೇ ಆರಿಸ್ಕೊಂಡ್ರು ಅನ್ನೋದು. ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಆ ಸೂಪರ್ ಮಾರಿಯೋ ಪೂರ್ತಿ ಗೇಮು ಬರೀ 40 ಕೆಬಿ, ಈಗ ವಾಟ್ಸಾಪಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋಗಿಂತ ಚಿಕ್ಕದು. ಹಾಗಾಗಿ ಸಕಲೇಶಪುರದ ಆಚೆ ತೋಟದ ಮನೇಲಿ ಒಂದೇ ಕಡ್ಡಿ ನೆಟ್‌ವರ್ಕ್ ಬರೋರಿಗೂ ಆ ಕಾಲದ ಗೇಮ್‌ಗಳು ಭಾರ ಆಗಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಸ್ಕೂಲ್ ಲ್ಯಾಬಲ್ಲಿ ಫ್ಲಾಪಿಯಿಂದ ಪ್ರಿನ್ಸ್ ಆಫ್ ಪರ್ಷಿಯಾ, ಡೇವ್, ಡೂಮ್. 2000ದ ಆಚೆಗೆ ಸೈಬರ್ ಸೆಂಟರ್‌ಗಳು, ಸಾಲಗಾಮೆ ರೋಡಲ್ಲಿ ಎಂಸಿಇ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರು, ಎನ್‌ಆರ್ ಸರ್ಕಲ್ ಸುತ್ತ ಪಿಯು ಹುಡುಗ್ರು, ಗಂಟೆ ಲೆಕ್ಕದಲ್ಲಿ ಕೂತು ಕೌಂಟರ್ ಸ್ಟ್ರೈಕ್, ವೈಸ್ ಸಿಟಿ, ಮೋಸ್ಟ್ ವಾಂಟೆಡ್. ಮನೆಗೆ ಬೇಕು ಅಂದ್ರೆ ಪೈರೇಟೆಡ್ ಸಿಡಿ. ಇದನ್ನ ಯಾರನ್ನೂ ಬೈಯೋಕೆ ಹೇಳ್ತಿಲ್ಲ, ಅಸಲಿ ಡಬ್ಬಿ ನಮ್ಮೂರಲ್ಲಿ ನೋಡೋಕೂ ಸಿಗ್ತಿರ್ಲಿಲ್ಲ, ಸಿಕ್ಕಿದ್ರೂ ಮನೆಯಲ್ಲಿ ಆ ದುಡ್ಡು ಕೇಳೋ ಧೈರ್ಯ ಯಾರಿಗಿತ್ತು. ಆದ್ರೆ ಇದರ ಪರಿಣಾಮ ಏನಾಯ್ತು ಅಂದ್ರೆ ನಮ್ಮ ತಲೆಮಾರು ಒಂದು ಗೇಮನ್ನೂ ಯೋಚಿಸಿ ಆರಿಸಿ ಕೊಂಡಿರ್ಲಿಲ್ಲ, ಆ ಅಭ್ಯಾಸ ಈಗ ಮಾಡ್ಕೋಬೇಕಾಗಿದೆ.

ನಾವು ಸೈಬರಲ್ಲಿ ಕೂತಿದ್ದ ಅದೇ ಕಾಲದಲ್ಲಿ ಹೊರದೇಶದಲ್ಲಿ ಈ ಆರಿಸೋ ಕಷ್ಟ ಶುರುವಾಗಿತ್ತು. 2006ರ ನವೆಂಬರಲ್ಲಿ ನಿಂಟೆಂಡೊ ವೀ ಅನ್ನೋ ಮಷೀನ್ ಜೊತೆ ವರ್ಚುವಲ್ ಕನ್ಸೋಲ್ ಅಂತ ಒಂದು ಅಂಗಡಿ ತೆರೀತು, ಹಳೇ ಗೇಮ್‌ಗಳನ್ನ ಬಿಡಿಬಿಡಿಯಾಗಿ ಡೌನ್‌ಲೋಡಿಗೆ ಮಾರೋದು. ಅಮೆರಿಕದಲ್ಲಿ ರೇಟು ಹೀಗಿತ್ತು, ಮೊದಲ ನಿಂಟೆಂಡೊ ಮಷೀನಿನ ಗೇಮಿಗೆ 500 ಪಾಯಿಂಟು ಅಂದ್ರೆ 5 ಡಾಲರು, ಅದಾದ್ಮೇಲೆ ಬಂದ ಮಷೀನ್‌ಗಳಲ್ಲಿ ಸೂಪರ್ ನಿಂಟೆಂಡೊದ್ದು 800, ನಿಂಟೆಂಡೊ 64ದು 1,000. 20 ಡಾಲರ್ ಕೊಟ್ಟು 2,000 ಪಾಯಿಂಟ್ ಹಾಕಿಸ್ಕೊಂಡೋನು ಎರಡು ಸೂಪರ್ ನಿಂಟೆಂಡೊ ಗೇಮ್ ತಗೊಂಡ್ರೆ 400 ಉಳಿಯುತ್ತೆ, ಆ 400ಕ್ಕೆ ಒಂದು ಹಳೇ ಮಾರಿಯೋನೂ ಬರಲ್ಲ. ಸಾಲದ್ದಕ್ಕೆ ಮಷೀನ್ ಒಳಗೆ ಜಾಗ ಇದ್ದಿದ್ದು 512 ಎಂಬಿ. ಸೋ ಜನ ಕೂತು ಲೆಕ್ಕ ಹಾಕೋರು, ಯಾವ್ದು ಜಾಸ್ತಿ ಹೊತ್ತು ಆಡಬಹುದು, ಯಾವ್ದು ಬೇರೆ ಕಡೆ ಅಗ್ಗಕ್ಕೆ ಸಿಗುತ್ತೆ, ಯಾವ್ದರ ಹಳೇ ಕ್ಯಾಸೆಟ್ ಬೆಲೆ ಆಕಾಶಕ್ಕೆ ಹೋಗಿದೆ. ಒಳ್ಳೇ ಲೆಕ್ಕಾಚಾರ ಅದು, ಆದ್ರೆ ಅಂಗಡಿಯೇ ಮುಚ್ಚಿದ್ರೆ ಅನ್ನೋದು ಆ ಲೆಕ್ಕದಲ್ಲಿ ಇರ್ಲಿಲ್ಲ.

ಮುಚ್ತು. 2018ರ ಮಾರ್ಚಲ್ಲಿ ಪಾಯಿಂಟ್ ಹಾಕಿಸೋದು ನಿಂತು, 2019ರ ಜನವರಿ 30ಕ್ಕೆ ವೀ ಅಂಗಡಿ ಬಂದ್. ಅದಕ್ಕೂ ಮೊದಲು 2012ರಲ್ಲಿ ವೀ ಯು ಅನ್ನೋ ಮುಂದಿನ ಮಷೀನ್ ಬಂದಾಗ ಮೊದಲೇ ಕೊಂಡಿದ್ದ ಗೇಮನ್ನ ಅದರಲ್ಲಿ ಸರಿಯಾಗಿ ಆಡ್ಬೇಕಂದ್ರೆ ಮತ್ತೆ ಒಂದು ಒಂದೂವರೆ ಡಾಲರ್ ಕೊಡ್ಬೇಕಿತ್ತು, ಕೈಯಲ್ಲಿ ಹಿಡಿಯೋ 3ಡಿಎಸ್ ಮಷೀನಿಗೆ ಅದೇ ಗೇಮ್ ಬೇರೆಯಾಗೇ ಕೊಳ್ಳಬೇಕು. ಕೊನೆಗೆ ಈ ಎರಡರ ಅಂಗಡೀನೂ 2023ರ ಮಾರ್ಚ್ 27ಕ್ಕೆ ಮುಚ್ಚಿದ್ರು. ಮುಚ್ಚೋ ಮುಂಚೆ ಅಮೆರಿಕದ ಒಬ್ಬ ಯೂಟ್ಯೂಬರ್ ಎರಡೂ ಅಂಗಡೀಲಿದ್ದ ಗೇಮ್ ಎಲ್ಲಾ ಕೊಂಡು ಉಳಿಸ್ತೀನಿ ಅಂತ ಹೊರಟು 22,791 ಡಾಲರ್ ಖರ್ಚು ಮಾಡಿದ. ಸೋನಿನೂ 2021ರಲ್ಲಿ ಪಿಎಸ್3 ಮತ್ತೆ ವೀಟಾ ಅನ್ನೋ ತನ್ನ ಗೇಮ್ ಮಷೀನ್‌ಗಳ ಅಂಗಡಿ ಮುಚ್ತೀವಿ ಅಂತ ಹೇಳಿ ಜನ ಗಲಾಟೆ ಮಾಡಿದ್ಮೇಲೆ ಹಿಂದೆ ಸರೀತು.

ಬಿಡಿ ಮಾರಾಟದ ಜಾಗಕ್ಕೆ ಬಂದಿದ್ದು ಚಂದಾ. 2018ರ ಸೆಪ್ಟೆಂಬರಲ್ಲಿ ನಿಂಟೆಂಡೊದ ಸ್ವಿಚ್ ಮಷೀನಿಗೆ ಸ್ವಿಚ್ ಆನ್‌ಲೈನ್ ಅನ್ನೋ ಚಂದಾ ಶುರುವಾಯ್ತು, ವರ್ಷಕ್ಕೆ 20 ಡಾಲರ್, 2021ರಲ್ಲಿ ನಿಂಟೆಂಡೊ 64 ಮತ್ತೆ ಸೆಗಾ ಅನ್ನೋ ಇನ್ನೊಂದು ಕಂಪನಿಯ ಗೇಮ್ ಸೇರಿಸಿದ ದೊಡ್ಡ ಪ್ಲಾನ್ 50 ಡಾಲರ್. ಸೋನಿ 2022ರಲ್ಲಿ ನಮ್ಮ ದೇಶಕ್ಕೆ ಪಿಎಸ್ ಪ್ಲಸ್ ಡೀಲಕ್ಸ್ ಅಂತ ತಂತು, ಹಳೇ ಕ್ಲಾಸಿಕ್ಸ್ ಅದರೊಳಗೆ. ದಿನಾ ಆಡೋರಿಗೆ ಇದು ಲಾಭಾನೇ ಇರಬಹುದು. ಆದ್ರೆ ನಮ್ಮಂಥೋರು ದಸರಾ ರಜ, ದೀಪಾವಳಿ, ಹಾಸನಾಂಬೆ ಬಾಗಿಲು ತೆಗ್ದಾಗ ಮನೆ ತುಂಬ ನೆಂಟರು ಬಂದಾಗ ಆಡೋ ಜನ, ಮಿಕ್ಕ ತಿಂಗಳೆಲ್ಲಾ ಸುಮ್ನೆ ಕಟ್ತಾ ಹೋಗ್ಬೇಕು, ಕಟ್ಟೋದು ನಿಲ್ಸಿದ ದಿನ ಒಂದು ಗೇಮೂ ತೆರ್ಕೊಳಲ್ಲ. ಬಜೆಟ್ ಕಮ್ಮಿ ಇರೋರು ಹಳೇ ಗೇಮಿಗೋಸ್ಕರ ಮಾತ್ರ ಚಂದಾ ಕಟ್ಟಬೇಡಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ.

ಅಂಗಡಿ ತೆರೆದಿದ್ರೂ ಗೇಮ್ ಮಾಯ ಆಗೋದು ಇನ್ನೊಂದು ಕಥೆ, ಇಲ್ಲಿ ಕಾರಣ ಬಹುಪಾಲು ಲೈಸೆನ್ಸು. ಗೇಮಲ್ಲಿ ಬರೋ ಕಾರು, ಹಾಡು, ಪಾತ್ರ ಇವೆಲ್ಲ ಬೇರೆಯವ್ರದ್ದಾಗಿದ್ರೆ ಒಪ್ಪಂದ ಮುಗಿದ ಮೇಲೆ ಮಾರೋ ಹಂಗಿಲ್ಲ. 2021ರ ಮೇ ಕೊನೆಗೆ ಇಎ ಕಂಪನಿ ನೀಡ್ ಫಾರ್ ಸ್ಪೀಡ್ ಕಾರ್ಬನ್, ಅಂಡರ್‌ಕವರ್, ದ ರನ್ ಇವನ್ನೆಲ್ಲಾ ಮಾರಾಟದಿಂದ ತೆಗೀತು. ನಮ್ಮೋರ ಪ್ರೀತಿಯ 2005ರ ಮೋಸ್ಟ್ ವಾಂಟೆಡ್ ಅಂತೂ ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಿಗೆ ಬರ್ಲೇ ಇಲ್ಲ. 2002ರ ವೈಸ್ ಸಿಟಿಯ ಜೀವಾನೇ ಕಾರಲ್ಲಿ ಕೂತು ಕೇಳೋ ರೇಡಿಯೋ, ಆಮೇಲಿನ ಡಿಜಿಟಲ್ ಕಾಪಿಲಿ ಅದರ ಕೆಲವು ಹಾಡು ಹೋದ್ವು, 2021ರ ನವೆಂಬರಲ್ಲಿ ಹೊಸ ಡೆಫಿನಿಟಿವ್ ಎಡಿಷನ್ ಮಾರೋಕೆ ಹಳೇದನ್ನ ಅಂಗಡಿಯಿಂದ ಎತ್ತಿದ್ರು, ಹೊಸದು ತುಂಬಾ ತಪ್ಪುಗಳಿಂದ ಬಂದಿದ್ದಕ್ಕೆ ಜನ ಸಿಟ್ಟಾದ್ಮೇಲೆ ಪಿಸಿಯ ಹಳೇ ಕಾಪಿನ ಗೇಮ್ ಕಂಪನಿಯೋರು ತಮ್ಮದೇ ಅಂಗಡೀಲಿ ವಾಪಸ್ ಇಟ್ರು. ಲೈಸೆನ್ಸ್ ಕಾಟ ಇಲ್ದೇನೂ ಹೀಗಾಗುತ್ತೆ, 2024ರ ಡಿಸೆಂಬರಲ್ಲಿ ಸೆಗಾ ತನ್ನದೇ 60ಕ್ಕೂ ಹೆಚ್ಚು ಹಳೇ ಗೇಮ್‌ಗಳನ್ನ ಅಂಗಡಿಗಳಿಂದ ತೆಗೀತು, ಮೊದಲೇ ಕೊಂಡಿದ್ದೋರಿಗೆ ಮಾತ್ರ ಉಳೀತು.

ಮುಸ್ತಫಾ ಕಥೆ ಕೇಳಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಅದರ ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ 1993ರಲ್ಲಿ ಕಾಯಿನ್ ಹಾಕಿ ಆಡೋ ಮಷೀನಿಗೆ ಮಾಡಿದ್ದು, ಹಳದಿ ಟೋಪಿ ಹುಡುಗನ ಹೆಸರೇ ನಮ್ಮೂರಲ್ಲಿ ಗೇಮಿನ ಹೆಸರಾಯ್ತು. ಆದ್ರೆ ಅದು ಒಂದು ಅಮೆರಿಕನ್ ಕಾಮಿಕ್ಸ್ ಆಧರಿಸಿದ್ದು, ಹೆಸರಲ್ಲೇ ಒಂದು ಕಾರು ಕಂಪನಿ ಬೇರೆ ಇದೆ. ಕ್ಯಾಪ್‌ಕಾಮ್ 2018ರಲ್ಲಿ ಅದೇ ಥರದ ಏಳು ಹೊಡೆದಾಟದ ಗೇಮ್ ಸೇರಿಸಿ ಒಂದು ಬಂಡಲ್ ಬಿಡ್ತು, ಫೈನಲ್ ಫೈಟ್ ಇದೆ, ಕ್ಯಾಪ್ಟನ್ ಕಮ್ಯಾಂಡೊ ಇದೆ, ಮುಸ್ತಫಾ ಇಲ್ಲ. ದುಡ್ಡು ಹಿಡ್ಕೊಂಡು ನಿಂತ್ರೂ ಕೊಡೋರಿಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಎಲ್ಲೂ ಮಾರಾಟಕ್ಕಿಲ್ಲ ಅಂತ ಬಂತು. ಮಾರೋಕೇ ಇಲ್ದಿದ್ರೆ ಜನ ಕಳ್ಳದಾರಿ ಹಿಡೀತಾರೆ, ಆ ದಾರಿಯ ಅಪಾಯಾನೂ ಗೊತ್ತಿರ್ಲಿ, ಆ ಸೈಟುಗಳಲ್ಲಿ ಒಂದು ಡೌನ್‌ಲೋಡ್ ಬಟನ್ ಅಸಲಿ ಆದ್ರೆ ಮಿಕ್ಕವು ವೈರಸ್ ತರೋವು, ಕಾನೂನೂ ಬಿಡಲ್ಲ, 2018ರಲ್ಲಿ ನಿಂಟೆಂಡೊ ಕೇಸ್ ಹಾಕಿದ ಒಂದು ಸೈಟಿನೋರ ಮೇಲೆ 1.2 ಕೋಟಿ ಡಾಲರಿನ ತೀರ್ಪಾಯ್ತು. ಎಮ್ಯುಲೇಟರ್, ಅಂದ್ರೆ ಹಳೇ ಮಷೀನಿನ ಗೇಮನ್ನ ಕಂಪ್ಯೂಟರಲ್ಲಿ ಓಡಿಸೋ ಸಾಫ್ಟ್‌ವೇರ್, ಇಟ್ಕೊಳೋದೇ ತಪ್ಪಲ್ಲ, ಅದರಲ್ಲಿ ಹಾಕೋ ಗೇಮ್ ಎಲ್ಲಿಂದ ಬಂತು ಅನ್ನೋದು ಪ್ರಶ್ನೆ.

ಇಷ್ಟೆಲ್ಲದರ ಮಧ್ಯೆ ಒಂದು ಒಳ್ಳೇ ಸುದ್ದಿ ಬಂದಿದ್ದು ಪೋಲೆಂಡಿಂದ. ಅಲ್ಲೂ ತೊಂಬತ್ತರ ದಶಕದಲ್ಲಿ ಪೈರೇಟೆಡ್ ಸಿಡಿಯದ್ದೇ ರಾಜ್ಯ, ಸಿಡಿ ಪ್ರಾಜೆಕ್ಟ್ ಅನ್ನೋ ಕಂಪನಿ ಅಂಥ ಮಾರ್ಕೆಟಲ್ಲೇ ಅಸಲಿ ಗೇಮ್ ಮಾರೋದು ಕಲ್ತಿದ್ದು. ಅವ್ರೇ 2008ರಲ್ಲಿ ಗುಡ್ ಓಲ್ಡ್ ಗೇಮ್ಸ್ ಅಂತ, ಈಗ ಜಿಒಜಿ ಅಂತ ಕರೀತಾರೆ, ಶುರು ಮಾಡಿದ್ರು. ವಿಂಡೋಸಿಗಿಂತ ಮುಂಚಿನ ಡಾಸ್ ಕಾಲದ ಹಳೇ ಗೇಮ್‌ಗಳನ್ನ ಈಗಿನ ವಿಂಡೋಸಲ್ಲಿ ಓಡೋ ಹಂಗೆ ರೆಡಿ ಮಾಡಿ, ಬೀಗ ಹಾಕದೆ ಇನ್‌ಸ್ಟಾಲರ್ ಫೈಲನ್ನೇ ಕೈಗೆ ಕೊಡ್ತಾರೆ, ಒಂದ್ಸಲ ಇಳಿಸ್ಕೊಂಡ್ರೆ ಇಂಟರ್ನೆಟ್ ಇಲ್ದೆ ಯಾವಾಗ ಬೇಕಾದ್ರೂ ಹಾಕ್ಕೋಬಹುದು. ಸ್ಟೀಮಲ್ಲಿ 2015ರಿಂದ ರೂಪಾಯಲ್ಲೇ ರೇಟ್ ಇದೆ, ಯುಪಿಐ ನಡೆಯುತ್ತೆ, ಆಡಿದ್ದು ಎರಡು ಗಂಟೆ ಒಳಗೆ, ಕೊಂಡು ಹದಿನಾಲ್ಕು ದಿನದ ಒಳಗೆ ಇದ್ರೆ ದುಡ್ಡು ವಾಪಸ್ ಕೇಳಬಹುದು, ಇದು ಬಡವರಿಗೆ ದೊಡ್ಡ ಅನುಕೂಲ. ಆದ್ರೆ 2024ರ ಜನವರಿಯಿಂದ ಸ್ಟೀಮ್ ವಿಂಡೋಸ್ 7 ಮತ್ತೆ 8ಕ್ಕೆ ಸಪೋರ್ಟ್ ನಿಲ್ಸಿದೆ. ನಮ್ಮೂರ ಕಡೆ ಎಷ್ಟೋ ಮನೇಲಿ ಇನ್ನೂ ಅಂಥ ಹಳೇ ಡೆಸ್ಕ್‌ಟಾಪೇ ಇರೋದು, ಹಳೇ ಗೇಮಿಗೆ ಆ ಮಷೀನ್ ಧಾರಾಳ ಸಾಕು, ಅಂಗಡಿಯ ಸಾಫ್ಟ್‌ವೇರಿಗೆ ಸಾಲಲ್ಲ! ಅಂಥೋರಿಗೆ ಬರೀ ಇನ್‌ಸ್ಟಾಲರ್ ಫೈಲ್ ಸಿಗೋ ಕಡೆ ಕೊಳ್ಳೋದೇ ದಾರಿ.

ಸರಿ, ಆ ಸಾವಿರ ರೂಪಾಯಿ. ಮೊದ್ಲು ಫ್ರೀಯಾಗಿ ನ್ಯಾಯವಾಗಿ ಸಿಗೋದನ್ನ ಪಟ್ಟಿಯಿಂದ ತೆಗೀರಿ, ಓಪನ್‌ಟಿಟಿಡಿ ಅಂತ ರೈಲು ಬಸ್ಸು ಓಡಿಸೋ ಗೇಮ್ ಇದೆ, ಬಿನೀತ್ ಎ ಸ್ಟೀಲ್ ಸ್ಕೈ ಅನ್ನೋ ಕಥೆ ಗೇಮ್ 2003ರಿಂದ ಉಚಿತ, ಇವಕ್ಕೆ ಒಂದು ಪೈಸೆ ಬೇಡ. ಆಮೇಲೆ ಬಿಡಿ ಗೇಮಿಗಿಂತ ಗಂಟು, ಕೊನಾಮಿಯ 2019ರ ಕಾಂಟ್ರಾ ಆನಿವರ್ಸರಿ ಕಲೆಕ್ಷನಲ್ಲಿ ಹತ್ತು ಗೇಮ್ ಇದಾವೆ, ನಾವು ಟಿವಿ ಮುಂದೆ ಕೂತು ಮೂವತ್ತು ಲೈಫ್ ಕೋಡ್ ಒತ್ತಿ ಆಡಿದ್ದೂ ಅದರೊಳಗಿದೆ, ಇಬ್ರು ಕೂತು ಆಡಬಹುದು. ನನ್ನ ಮೊದಲ ಖರ್ಚು ಇದಕ್ಕೇ, ಅದೂ ಸೇಲ್ ಬರೋವರೆಗೂ ಕಾದು. ಎರಡನೇದು ಕಾರು ಅಥವಾ ಹಾಡಿನ ಲೈಸೆನ್ಸ್ ಇರೋ ಗೇಮ್ ಯಾವ್ದಾದ್ರೂ ಮನಸಲ್ಲಿದ್ರೆ ಅದು, ಯಾಕಂದ್ರೆ ಡೂಮ್ ಮುಂದಿನ ವರ್ಷಾನೂ ಇರುತ್ತೆ, ಇದು ಇರುತ್ತೆ ಅಂತ ಹೇಳೋಕಾಗಲ್ಲ. ಉಳಿದ ದುಡ್ಡಿಗೆ ಜಿಒಜಿಯಲ್ಲಿ ಒಂದು ದೊಡ್ಡ, ತಿಂಗಳುಗಟ್ಲೆ ಆಡೋ ಅಂಥದ್ದು, ಹಳೇ ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಥರದ್ದು, ಒಂದೇ ಮೌಸಲ್ಲಿ ಅಣ್ಣ ತಮ್ಮ ಸರದಿ ಮೇಲೆ ಆಡಬಹುದು.

ಹೊರದೇಶದ ಅಂಗಡೀಲಿ ಕಾರ್ಡ್ ಹಾಕೋ ಮುಂಚೆ ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಆನ್‌ಲೈನ್ ಪೇಮೆಂಟ್ ಆನ್ ಇದ್ಯಾ ನೋಡಿ, 2020ರ ಮಾರ್ಚಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡಲ್ಲಿ ಅದು ಆಫ್ ಇರುತ್ತೆ, ಲಿಮಿಟ್ಟು ಸಾವಿರಕ್ಕೇ ಇಟ್ಟು ಕೊಂಡಾದ್ಮೇಲೆ ಮತ್ತೆ ಆಫ್ ಮಾಡಿ. ಇಳಿಸಿದ ಇನ್‌ಸ್ಟಾಲರ್‌ಗಳನ್ನ ಕಂಪ್ಯೂಟರಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಲ್ಲಿ ಇನ್ನೊಂದು ಕಾಪಿ ಇಟ್ಕೊಳಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡೋ ಊರು ನಮ್ದು, ಒಂದು ಕೆಟ್ರೆ ಇನ್ನೊಂದಿರುತ್ತೆ.